ಪರ್ಮಿಟ್ ಇಲ್ಲದ ಡಬ್ಬಿ

ಮೆಲ್ಬರ್ನಿನಿಂದ ಹೊರಟು ಬ್ಯಾಕಸ್ ಮಾರ್ಷ್ ದಾಟಿ ಇನ್ನೂ ಮುಂದೆ ಹೋದರೆ ಸರಕಾರಿ ಕಾಡಿನ ಗೇಟು ಸಿಗುತ್ತದೆ. ಗೇಟಿನ ಪಕ್ಕ ಒಂದು ಹಸಿರು ಬೋರ್ಡು. ಅದನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಾಯಿಯನ್ನು ಹಗ್ಗ ಹಾಕಿ ಹಿಡಿದುಕೊಳ್ಳಿ, ಬೆಂಕಿ ಹಾಕಬೇಡಿ, ಸೌದೆಯನ್ನು ಹೇಳಿದ ತಿಂಗಳಲ್ಲಿ ಹೇಳಿದ ಜಾಗದಲ್ಲಿ ಮಾತ್ರ ಆಯ್ದುಕೊಳ್ಳಿ, ಬೈಕನ್ನು ದಾರಿ ಬಿಟ್ಟು ಓಡಿಸಬೇಡಿ. ಎಲ್ಲದಕ್ಕೂ ಒಂದೊಂದು ಪುಟ್ಟ ಚಿತ್ರ. ಮರದ ಬುಡದಲ್ಲಿ ಒಂದು ಸ್ಟೀಲ್ ಡಬ್ಬಿ ಇಡಬಹುದೋ ಇಡಬಾರದೋ ಎಂಬುದಕ್ಕೆ ಮಾತ್ರ ಅಲ್ಲಿ ಚಿತ್ರವೂ ಇಲ್ಲ, ಅಕ್ಷರವೂ ಇಲ್ಲ.

ಹೋದ ತಿಂಗಳು, ಎರಡು ವರ್ಷದ ಮೇಲೆ, ಮತ್ತೆ ಅಲ್ಲಿಗೆ ಹೋದೆ. ಸಣ್ಣಗೆ ಮಳೆ ಹಿಡಿದಿತ್ತು. ಕಾರಿನ ಬಾಗಿಲು ತೆಗೆದದ್ದೇ ತಡ, ನೆನೆದ ನೀಲಗಿರಿ ಎಲೆಯ ವಾಸನೆ ಮೂಗಿಗೆ ಬಡಿಯಿತು. ಚಿಕ್ಕಂದಿನಲ್ಲಿ ನೆಗಡಿಯಾದಾಗ ಎದೆಗೆ ತಿಕ್ಕುತ್ತಿದ್ದ ಎಣ್ಣೆಯದೇ ವಾಸನೆ, ಜೊತೆಗೆ ಕೊಳೆತ ತೊಗಟೆಯ ಘಾಟು. ಆ ವಾಸನೆಗೆ ಅತ್ತೆ ನೆನಪಾದರು, ಅವರ ಹಿಂದೆಯೇ ಆ ವರ್ಷದ ಸಿಟ್ಟೂ ಬಂತು. ಈ ಸಿಟ್ಟು ನಿಜಕ್ಕೂ ಯಾರ ಮೇಲಿನದು ಎಂದು ಒಪ್ಪಿಕೊಳ್ಳಲು ನನಗೆ ಇಷ್ಟು ದಿನ ಹಿಡಿದಿದೆ.

ಅತ್ತೆಯ ಹೆಸರು ಪುಟ್ಟಮಾದಮ್ಮ. ಕೊಳ್ಳೇಗಾಲದ ಕಡೆಯವರು. ಮಾವ ಮಾದಯ್ಯನವರು ಫಾರೆಸ್ಟ್ ಗಾರ್ಡ್ ಆಗಿದ್ದವರು, ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು. ಹನ್ನೆರಡು ತಿಂಗಳ ವಿಸಿಟರ್ ವೀಸಾ ಮಾಡಿಸಿ ಆ ವರ್ಷ ಮಾರ್ಚಿನಲ್ಲಿ ಅತ್ತೆಯನ್ನು ಕರೆಸಿಕೊಂಡೆವು. ಮೊದಲ ಆರು ತಿಂಗಳು ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ನಮ್ಮ ಜೊತೆ, ಆಮೇಲೆ ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ ಅವರ ಮಗಳು ನಾಗಮಣಿಯ ಜೊತೆ ಎಂದು ಮಾತಾಗಿತ್ತು.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಶೋಭಾ, ದಾವಣಗೆರೆಯವಳು. ಡಾಕ್‌ಲ್ಯಾಂಡ್ಸ್‌ನ ಒಂದು ಬ್ಯಾಂಕಿನಲ್ಲಿ ಕಂಪ್ಲಯನ್ಸ್ ವಿಭಾಗದಲ್ಲಿದ್ದೇನೆ. ಬೇರೆಯವರು ತುಂಬಿದ ಅರ್ಜಿಯಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ಓದದೆ ಟಿಕ್ ಹಾಕಿದವರಿಗೆ, ಸುಳ್ಳು ಟಿಕ್ ಹಾಕಿದವರಿಗೆ, ತುಂಬಾ ಮರ್ಯಾದೆಯ ಇಂಗ್ಲಿಷಿನಲ್ಲಿ ಕೆಟ್ಟ ಸುದ್ದಿ ಬರೆಯುತ್ತೇನೆ. ನನ್ನ ಗಂಡ ಮಾದೇಶ ಐಟಿಯಲ್ಲಿದ್ದಾನೆ, ಅವನ ಆಫೀಸಿನಲ್ಲಿ ಎಲ್ಲರೂ ಅವನನ್ನು ಮ್ಯಾಡಿ ಎನ್ನುತ್ತಾರೆ. ಅತ್ತೆಗೆ ಇದು ಗೊತ್ತಾದಾಗ, ‘ಮಾದಪ್ಪನ ಹೆಸ್ರನ್ನ ಹಿಂಗೆ ಮುರುದ್ರೆ ಕಣ್ಣು ಹೋದದು’ ಎಂದಿದ್ದರು.

ಮೊದಲ ಎರಡು ತಿಂಗಳು ಅತ್ತೆಗೂ ನನಗೂ ಅಷ್ಟಕ್ಕಷ್ಟೆ. ನಮ್ಮ ಬೀದಿಯಲ್ಲಿ ಎಲ್ಲ ಮನೆಗೂ ಬೂದು ಬಣ್ಣದ ಗ್ಯಾರೇಜು ಬಾಗಿಲು. ಒಂದು ದಿನ ಅವರು ವಾಕಿಂಗ್ ಹೋಗಿ ವಾಪಸ್ ಬರುವಾಗ ಮನೆ ಗುರುತು ಸಿಗದೆ, ಮೂರು ಮನೆ ಆಚೆ ಯಾರದೋ ಲಾನ್ ಮೇಲೆ ಒಂದು ಗಂಟೆ ಕೂತಿದ್ದರು. ಆಮೇಲೆ ಹೊರಗೆ ಹೋಗುವುದನ್ನೇ ಬಿಟ್ಟರು. ನಾನು ಆಫೀಸಿನಿಂದ ಬರುವ ಹೊತ್ತಿಗೆ ಅಡಿಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಿಸಿರುತ್ತಿದ್ದವು. ನಾನು ಸುಮ್ಮನೆ ಅವನ್ನು ಮೊದಲಿನ ಜಾಗದಲ್ಲಿ ಇಡುತ್ತಿದ್ದೆ, ಮಾರನೇ ದಿನ ಅವು ಮತ್ತೆ ಹೊರಡುತ್ತಿದ್ದವು.

ಮೇ ತಿಂಗಳಲ್ಲಿ ನಮ್ಮ ಮಗಳು ಆದ್ಯಾ ಶಾಲೆಯ ಕ್ಯಾಂಪಿಗೆ ಹೋಗಿ ಬಂದವಳು ಜಿಯೋಕ್ಯಾಶಿಂಗ್ ಎಂಬ ಆಟವನ್ನು ಮನೆಗೆ ತಂದಳು. ಯಾರೋ ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಂಕಿಗಳನ್ನು ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಉಳಿದವರು ಫೋನ್ ಹಿಡಿದುಕೊಂಡು ಹೋಗಿ ಹುಡುಕಬೇಕು. ಸಿಕ್ಕರೆ ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಡಬ್ಬಿಯನ್ನು ಇದ್ದಲ್ಲೇ ಇಡಬೇಕು. ಒಳಗಿರುವ ಸಣ್ಣಪುಟ್ಟ ಸಾಮಾನು ಬೇಕಾದರೆ ತೆಗೆದುಕೊಳ್ಳಬಹುದು, ಆದರೆ ಬದಲಿಗೆ ಏನಾದರೂ ಇಡಬೇಕು.

ಒಂದು ಶನಿವಾರ ವೆರಿಬಿ ನದಿಯ ದಂಡೆಯಲ್ಲಿ ನಾನೂ ಆದ್ಯಾಳೂ ಅರ್ಧ ಗಂಟೆ ಫೋನ್ ಹಿಡಿದು ಗಿರಕಿ ಹೊಡೆದೆವು. ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿದ್ದೆವು. ಅವರು ಎದ್ದು ಬಂದು ಒಂದು ಕಲ್ಲುಗುಡ್ಡೆಯ ಕಡೆ ಕೈ ತೋರಿಸಿದರು.

‘ಆ ಕಲ್ಲ ಯಾರೋ ಎತ್ತಿ ಮಡಗವ್ರೆ ನೋಡು. ಮೇಲಿರಬೇಕಾದ ಪಾಚಿ ಕೆಳಗದೆ.’

ಡಬ್ಬಿ ಅಲ್ಲೇ ಇತ್ತು. ಆದ್ಯಾ ‘ಅಜ್ಜಿ, ಯು ಆರ್ ಎ ಲೆಜೆಂಡ್’ ಎಂದಳು. ಅತ್ತೆಗೆ ಮಾತು ಅರ್ಥವಾಗಲಿಲ್ಲ, ಮುಖ ಮಾತ್ರ ಅರಳಿತು. ಮೂವತ್ತು ವರ್ಷ ಗಾರ್ಡ್ ಕ್ವಾರ್ಟರ್ಸಿನಲ್ಲಿ ಬದುಕಿದವರು, ಎಲ್ಲಿ ಸೊಪ್ಪು ಮುರಿದಿದೆ, ಎಲ್ಲಿ ಮಣ್ಣು ಕದಲಿದೆ ಎಂದು ಕಣ್ಣು ತಾನಾಗಿ ಹುಡುಕುತ್ತಿತ್ತು. ಆ ಚಳಿಗಾಲ ಪ್ರತಿ ವಾರ ಹೊರಟೆವು. ಅಡಿಗೆಮನೆಯ ಡಬ್ಬಿಗಳು ಇದ್ದಲ್ಲೇ ಉಳಿದವು.

ಎರಡನೆಯ ವಾರವೇ ಅತ್ತೆ ಒಂದು ಸಣ್ಣ ಕವರಿನಲ್ಲಿ ಕಲ್ಲುಸಕ್ಕರೆ ಕಟ್ಟಿಕೊಂಡು ಬಂದರು. ಡಬ್ಬಿ ಸಿಕ್ಕಿದ ಕಡೆಯೆಲ್ಲ ನಾಲ್ಕು ಹರಳು ಒಳಗೆ ಹಾಕತೊಡಗಿದರು. ನಮ್ಮಲ್ಲಿ ಪಕ್ಕದ ಮನೆಯವರು ಪಲ್ಯ ಕೊಟ್ಟ ಬಟ್ಟಲನ್ನು ಬರಿದಾಗಿ ವಾಪಸ್ ಕೊಡುವುದಿಲ್ಲವಲ್ಲ, ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಅವರ ಲೆಕ್ಕದಲ್ಲಿ ಇದೂ ಅದೇ. ಡಬ್ಬಿಯಲ್ಲಿ ತಿನ್ನುವ ಪದಾರ್ಥ ಇಡಬಾರದು ಎಂದು ಆ ವೆಬ್‌ಸೈಟಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ನಾನು ಓದಿದ್ದೆ. ನಾಲ್ಕು ಹರಳು ತಾನೆ ಎಂದು ಸುಮ್ಮನಾದೆ. ಬ್ಯಾಂಕಿನಲ್ಲಿ ಯಾರಾದರೂ ‘ಸ್ವಲ್ಪ ತಾನೆ’ ಎಂದಿದ್ದರೆ ನಾನು ಅವರಿಗೆ ಎರಡು ಪುಟ ಬರೆಯುತ್ತಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಜುಲೈನಲ್ಲಿ ಮೊದಲ ಸಲ ಈ ಕಾಡಿಗೆ ಬಂದೆವು. ಅತ್ತೆ ಬೋರ್ಡಿನ ಮುಂದೆ ನಿಂತು ಪ್ರತಿಯೊಂದು ಚಿತ್ರವನ್ನೂ ಓದಿಸಿಕೊಂಡರು. ಸೌದೆಗೂ ಸೀಸನ್ ಇದೆ ಎಂದಾಗ ಅವರಿಗೆ ಖುಷಿಯಾಯಿತು.

‘ಇದೇ ಸರಿ ಕನವ್ವ. ಇಂತಿಂಥ ದಿನ ಬನ್ನಿ, ಇಂತಿಂಥ ಕಡೆ ಕಡೀರಿ ಅಂದ್ಬುಟ್ರೆ ಗಾರ್ಡ್‌ಗೂ ನೆಮ್ಮದಿ, ಬಡವ್ರಿಗೂ ನೆಮ್ಮದಿ. ನಿಮ್ಮ ಮಾವ ನನ್ನ ತಮ್ಮನ ಮೇಲೇ ಕೇಸ್ ಹಾಕಿದ್ರು, ಗೊತ್ತಾ? ಪಾಸ್ ಇಲ್ದೆ ಒಂದು ಹೊರೆ ಬಿದಿರು ತಂದಿದ್ದ. ಹತ್ತು ವರ್ಸ ಅವ್ನು ನಮ್ಮನೇಲಿ ನೀರು ಕುಡೀಲಿಲ್ಲ.’

‘ನಿಮಗೆ ಬೇಜಾರಾಗಲಿಲ್ವಾ ಅತ್ತೆ?’

‘ಆಯ್ತು. ಆದ್ರೆ ತಪ್ಪು ಅವ್ನದೇ ಅಲ್ವ?’

ಅವತ್ತು ಮನೆಗೆ ಹೋದ ಮೇಲೆ ಅತ್ತೆ ತಮ್ಮ ಸೂಟ್‌ಕೇಸಿನಿಂದ ಮಾವನ ವಿಷಲ್ ತೆಗೆದರು. ಹಿತ್ತಾಳೆಯದು, ಬಾಯಿಗೆ ಹಿಡಿಯುವ ತುದಿ ಸವೆದು ಬೆಳ್ಳಗಾಗಿತ್ತು. ನಾವೂ ಒಂದು ಡಬ್ಬಿ ಇಡೋಣ, ಇದನ್ನು ಅದರಲ್ಲಿ ಹಾಕೋಣ ಎಂದರು. ಮಾದೇಶನಿಗೆ ಗಾಬರಿಯಾಯಿತು. ‘ಅಮ್ಮ, ಅಪ್ಪಂದು ಅಂತ ನಮ್ಮ ಹತ್ರ ಇರೋದೇ ಅದೊಂದು. ಯಾರಾದ್ರೂ ತಗೊಂಡು ಹೋದ್ರೆ?’

‘ತಕ್ಕೋಬೇಡಿ, ಒಂದು ಸಲ ಊದಿ ವಾಪಸ್ ಮಡಗಿ ಅಂತ ಚೀಟಿ ಬರೀಲಿ ಕೂಸು. ಅವ್ರು ಬದುಕೆಲ್ಲ ಕಾಡಲ್ಲಿ ಇದನ್ನ ಊದಿದ್ರು. ಬೀರುವಿನಲ್ಲಿ ಇದ್ರೆ ಯಾರು ಊದಾರು?’

‘ಎಲ್ರೂ ಬಾಯಿ ಹಾಕಿದ್ದನ್ನ ಇನ್ನೊಬ್ರು ಊದೋದಾ? ಹೈಜೀನ್ ಅಂತ ಒಂದಿದೆಯಮ್ಮ’ ಎಂದು ಅವನು ಗೊಣಗಿದ. ಮಗುವಾಗಿದ್ದಾಗ ಇವನು ಅದನ್ನೇ ಕಚ್ಚಿ ಹಲ್ಲು ಬರಿಸಿಕೊಂಡವನು ಎಂದು ಅತ್ತೆ ಹೇಳಿದ ಮೇಲೆ ಬಾಯಿ ಮುಚ್ಚಿದ.

ಆಮೇಲೆ ಅವರು ನನ್ನ ಕಡೆ ತಿರುಗಿದರು. ‘ಶೋಭಾ, ಇದಕ್ಕೆ ಅಪ್ಪಣೆ ಬೇಕಲ್ವ? ಇನ್ನೊಬ್ರ ಕಾಡು. ನೀನು ಕಾಗದ ಪತ್ರ ಬಲ್ಲೋಳು. ಪರ್ಮಿಟ್ ಈಸ್ಕೊ. ಗಾರ್ಡ್ ಹೆಂಡ್ತಿ ನಾನು, ಪರ್ಮಿಟ್ ಇಲ್ದೆ ಕಾಡಲ್ಲಿ ಒಂದು ಕಡ್ಡೀನೂ ಮಡಗಕ್ಕಿಲ್ಲ.’

ಆಯ್ತು ಎಂದೆ. ಸೋಮವಾರದಿಂದ ಫೋನ್ ಮಾಡಲು ಶುರುಮಾಡಿದೆ. ರಸ್ತೆಯ ಎಡಕ್ಕಿರುವುದು ಪಾರ್ಕು, ಅದಕ್ಕೆ ಒಂದು ಆಫೀಸು. ಬಲಕ್ಕಿರುವುದು ಸ್ಟೇಟ್ ಫಾರೆಸ್ಟ್, ಅದಕ್ಕೆ ಇನ್ನೊಂದು. ಡಬ್ಬಿ ಇಡಲು ನಾವು ಆರಿಸಿದ ಮರ ಬಲಕ್ಕಿತ್ತು, ಆದರೆ ಅಲ್ಲಿಗೆ ಹೋಗುವ ಕಾಲುದಾರಿ ಎಡದಿಂದ ಶುರುವಾಗುತ್ತಿತ್ತು. ಇವರು ಅವರನ್ನು ಕೇಳಿ ಎಂದರು, ಅವರು ಇವರನ್ನು ಕೇಳಿ ಎಂದರು. ಕೊನೆಗೆ ಒಂದು ಫಾರಂ ಸಿಕ್ಕಿತು. ನಕ್ಷೆ ಬೇಕು, ಡಬ್ಬಿಯ ಅಳತೆ ಮತ್ತು ಫೋಟೋ ಬೇಕು, ಹತ್ತಿರದ ತೊರೆಗೆ ಎಷ್ಟು ದೂರ ಎಂದು ಬೇಕು, ಯಾರು ಎಷ್ಟು ವರ್ಷ ನೋಡಿಕೊಳ್ಳುತ್ತಾರೆ ಎಂದು ಬೇಕು. ಎಲ್ಲವನ್ನೂ ತುಂಬಿ ಕಳಿಸಿದೆ. ತಲುಪಿದೆ, ಪರಿಶೀಲಿಸಿ ತಿಳಿಸುತ್ತೇವೆ ಎಂದು ಕಂಪ್ಯೂಟರು ಉತ್ತರ ಕೊಟ್ಟಿತು. ಮೂರು ವಾರ ಕಳೆಯಿತು. ನಾಲ್ಕಾಯಿತು. ಅತ್ತೆ ದಿನಾ ಬೆಳಿಗ್ಗೆ ಕಾಫಿ ಕೊಡುವಾಗ ‘ಪರ್ಮಿಟ್ ಬಂತಾ?’ ಎಂದು ಕೇಳುತ್ತಿದ್ದರು. ಅವರು ಸಿಡ್ನಿಗೆ ಹೊರಡುವ ದಿನ ಹತ್ತಿರವಾಗುತ್ತಿತ್ತು.

ಒಂದು ಬೆಳಿಗ್ಗೆ ಟ್ರೇನಿಗೆ ತಡವಾಗುತ್ತಿತ್ತು. ಅವರು ಕೇಳಿದರು. ‘ಹೂಂ ಅತ್ತೆ, ಬಂತು’ ಎಂದೆ.

ಅಷ್ಟೆ. ಅದನ್ನು ಹೇಳಲು ನನಗೆ ಒಂದು ಕ್ಷಣವೂ ಹಿಡಿಯಲಿಲ್ಲ. ಅದೇ ಟ್ರೇನಿನಲ್ಲಿ ಕೂತು ಆಟದ ವೆಬ್‌ಸೈಟಿನಲ್ಲಿ ನಮ್ಮ ಡಬ್ಬಿಯ ಪುಟ ತುಂಬಿದೆ. ‘ಜಾಗದ ಒಡೆಯರ ಅನುಮತಿ ಪಡೆದಿದ್ದೇನೆ’ ಎಂಬ ಚೌಕಕ್ಕೆ ಟಿಕ್ ಹಾಕಿದೆ. ಇಂಥ ಟಿಕ್‌ಗಳನ್ನೇ ಹಿಡಿದು ಸಂಬಳ ತೆಗೆದುಕೊಳ್ಳುವವಳು ನಾನು.

ಆಗಸ್ಟ್ ಕೊನೆಯ ಭಾನುವಾರ ಡಬ್ಬಿ ಇಟ್ಟೆವು. ಅತ್ತೆ ಊರಿನಿಂದ ಚಕ್ಕುಲಿ ತುಂಬಿಕೊಂಡು ಬಂದಿದ್ದ ಸ್ಟೀಲ್ ಡಬ್ಬಿ ಅದು. ಒಳಗೆ ಒಂದು ಪುಸ್ತಕ, ಪೆನ್ಸಿಲ್, ವಿಷಲ್, ಆದ್ಯಾಳ ಚೀಟಿ, ನಾಲ್ಕು ಹರಳು ಕಲ್ಲುಸಕ್ಕರೆ. ದಪ್ಪ ನೀಲಗಿರಿ ಮರದ ಬುಡದ ಪೊಟರೆಯಲ್ಲಿ ನಾನು ಇಟ್ಟೆ, ಅತ್ತೆ ಮೇಲೆ ತೊಗಟೆ ಮುಚ್ಚಿದರು. ಅದಕ್ಕೂ ಮೊದಲು ವಿಷಲನ್ನು ಒಂದು ಸಲ ಊದಿದರು. ಎಲ್ಲೋ ಒಂದು ಹಕ್ಕಿ ರೆಕ್ಕೆ ಬಡಿದು ಹಾರಿತು. ಅತ್ತೆ ಕಣ್ಣು ಒರೆಸಿಕೊಳ್ಳಲಿಲ್ಲ, ನಗಲೂ ಇಲ್ಲ. ‘ಆಯ್ತು, ಡ್ಯೂಟಿಗೆ ಸೇರ್ಕೊಂಡ್ರು’ ಎಂದರು.

ಸೆಪ್ಟೆಂಬರಿನಲ್ಲಿ ಸ್ಕೋಫೀಲ್ಡ್ಸ್‌ಗೆ ಹೋದರು. ಪ್ರತಿ ಭಾನುವಾರ ಫೋನ್ ಮಾಡಿ, ಡಬ್ಬಿ ಹುಡುಕಿದವರು ವೆಬ್‌ಸೈಟಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಒಬ್ಬ ರಿಟೈರ್ಡ್ ಮೇಷ್ಟ್ರು ಊದಿದರಂತೆ. ಜೀಲಾಂಗ್‌ನಿಂದ ಒಂದು ಕುಟುಂಬ ಬಂದು ನಾಲ್ವರೂ ಸರದಿ ನಿಂತು ಊದಿದರಂತೆ, ಅವರ ನಾಯಿ ಓಡಿಹೋಯಿತಂತೆ. ಅತ್ತೆ ಎರಡೆರಡು ಸಲ ಹೇಳಿಸಿಕೊಂಡು, ಪಕ್ಕದಲ್ಲಿದ್ದ ನಾಗಮಣಿಗೆ ತಾವೇ ಮತ್ತೆ ಹೇಳುತ್ತಿದ್ದರು.

ಅಕ್ಟೋಬರ್ ಮೊದಲ ವಾರ ‘ಮಡ್ಡಿ ಗಂಬೂಟ್’ ಎಂದು ಹೆಸರಿಟ್ಟುಕೊಂಡ ಒಬ್ಬ ಮಹಾನುಭಾವ ಬರೆದ. ಡಬ್ಬಿ ಬಾಯಿ ತೆರೆದು ಬಿದ್ದಿದೆ, ಯಾವುದೋ ಪ್ರಾಣಿ ಎಳೆದಾಡಿದೆ, ಒಳಗೆಲ್ಲ ಸಕ್ಕರೆ ಮತ್ತು ಇರುವೆ, ಇಂಥದ್ದಕ್ಕೆ ಇಲ್ಲಿ ಅನುಮತಿ ಕೊಟ್ಟವರು ಯಾರು ಎಂದು. ಅವನು ಮುಚ್ಚಳ ಹಾಕಿ ಬರಬಹುದಿತ್ತು. ನನಗೊಂದು ಮೆಸೇಜ್ ಮಾಡಬಹುದಿತ್ತು. ಮಾಡಲಿಲ್ಲ. ನೆಟ್ಟಗೆ ಕಾಡಿನ ಆಫೀಸಿಗೆ ದೂರು ಕೊಟ್ಟ. ನನ್ನ ಅರ್ಜಿಗೆ ಎರಡು ತಿಂಗಳಾದರೂ ಉತ್ತರ ಕೊಡದ ಆಫೀಸು ಇವನ ದೂರಿಗೆ ನಾಲ್ಕೇ ದಿನದಲ್ಲಿ ಎದ್ದು ಹೋಗಿ ಡಬ್ಬಿ ಎತ್ತಿಕೊಂಡು ಬಂತು. ವೆಬ್‌ಸೈಟಿನವರು ನಮ್ಮ ಪುಟವನ್ನು ಮುಚ್ಚಿದರು. ನನಗೊಂದು ಈಮೇಲ್ ಬಂತು. ಅನುಮತಿಯಿಲ್ಲದ ವಸ್ತು ಸಿಕ್ಕಿದೆ, ಮಾಲೀಕರು ಲಿಖಿತ ವಿವರಣೆ ಕೊಟ್ಟು ಆರು ವಾರದೊಳಗೆ ಬಿಡಿಸಿಕೊಳ್ಳಬಹುದು, ಇಲ್ಲದಿದ್ದರೆ ವಿಲೇವಾರಿ ಮಾಡಲಾಗುವುದು.

ಆ ದಿನ ನಾನು ಅಡಿಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿದ ಸದ್ದಿಗೆ ಆದ್ಯಾ ರೂಮಿನ ಬಾಗಿಲು ಹಾಕಿಕೊಂಡಳು. ಕಾಡಿನಲ್ಲಿ ಚೈನ್ ಸಾ ಹಿಡಿದು ಸೌದೆ ಕೊಯ್ಯಬಹುದು, ಬೈಕಿನಲ್ಲಿ ಗುಡ್ಡವೆಲ್ಲ ಉಳಬಹುದು, ಒಬ್ಬ ಮುದುಕಿಯ ಚಕ್ಕುಲಿ ಡಬ್ಬಿ ಮಾತ್ರ ಇವರ ಕಣ್ಣಿಗೆ ಚುಚ್ಚುತ್ತದೆ ಎಂದು ಕೂಗಾಡಿದೆ. ಎಲ್ಲ ಕೇಳಿಸಿಕೊಂಡ ಮಾದೇಶ ಒಂದೇ ಮಾತು ಕೇಳಿದ.

‘ಪರ್ಮಿಟ್ ಬಂದಿತ್ತಲ್ಲ? ಅದನ್ನ ತೋರ್ಸು ಅವ್ರಿಗೆ, ಮುಗೀತು.’

ಹೇಳಬೇಕಾಯಿತು. ಅವನು ಬಯ್ಯಲಿಲ್ಲ, ಕೂತು ಹಣೆ ಉಜ್ಜಿಕೊಂಡ. ‘ಹಾಗಾದ್ರೆ ತಪ್ಪಾಯ್ತು ಅಂತ ಬರೆದು ಬಿಡಿಸ್ಕೊಂಡು ಬಾ. ಅಪ್ಪಂದು ಅದು.’

ಅಷ್ಟು ಸುಲಭವಾಗಿತ್ತು. ಆದರೆ ನಮ್ಮ ಸಿಟಿಜನ್‌ಶಿಪ್ ಅರ್ಜಿ ಆಗ ನಡೆಯುತ್ತಿತ್ತು. ಅದರಲ್ಲಿ ನಡತೆಯ ಬಗ್ಗೆ ಒಂದು ಭಾಗವೇ ಇದೆ. ಸರಕಾರಿ ಜಾಗದಲ್ಲಿ ಅನುಮತಿಯಿಲ್ಲದೆ ವಸ್ತು ಇಟ್ಟೆ, ಇದೆ ಎಂದು ಸುಳ್ಳು ಟಿಕ್ ಹಾಕಿದೆ ಎಂದು ನನ್ನ ಕೈಯಾರೆ ಬರೆದು ಕೊಡಬೇಕೇ? ಬ್ಯಾಂಕಿನಲ್ಲಿ ಗೊತ್ತಾದರೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳಂತೆ, ಯಾವ ಈಮೇಲ್ ಬಂದರೂ ಬೆಚ್ಚುತ್ತಿದ್ದೆ. ನಾಳೆ ಬರೆಯುತ್ತೇನೆ ಎಂದುಕೊಂಡು ವಾರಗಳನ್ನು ತಳ್ಳಿದೆ. ಮಾದೇಶ ಎರಡು ಸಲ ನೆನಪಿಸಿದ, ಮೂರನೆಯ ಸಲ ಜಗಳವಾಯಿತು.

ಭಾನುವಾರ ಮಾತ್ರ ತಪ್ಪದೆ ಬರುತ್ತಿತ್ತು. ಅತ್ತೆ ಫೋನಿನಲ್ಲಿ ‘ಈ ವಾರ ಯಾರು ಬಂದಿದ್ರವ್ವ?’ ಎನ್ನುತ್ತಿದ್ದರು. ನಾನು ಕಟ್ಟಿ ಹೇಳುತ್ತಿದ್ದೆ. ಬ್ಯಾಲರಾಟ್‌ನಿಂದ ಗಂಡ ಹೆಂಡತಿ ಬಂದಿದ್ದರು ಎಂದೆ. ಒಬ್ಬ ಹುಡುಗಿ ಎರಡು ಸಲ ಊದಿದಳು ಎಂದೆ. ವಿಷಲ್ ಅಷ್ಟೊತ್ತಿಗೆ ಯಾವುದೋ ಆಫೀಸಿನ ಕಪಾಟಿನಲ್ಲಿ ದಿನ ಎಣಿಸುತ್ತಿತ್ತು. ಇದನ್ನು ಬರೆಯುವಾಗ ನನ್ನ ಕೈಗೇ ನಾಚಿಕೆಯಾಗುತ್ತದೆ.

ದೀಪಾವಳಿಗೆ ಕಾರಿನಲ್ಲಿ ಸಿಡ್ನಿಗೆ ಹೋದೆವು. ಹತ್ತು ಗಂಟೆಯ ದಾರಿ. ನಾಗಮಣಿ ಹೋಳಿಗೆ ಬೇಯಿಸುತ್ತಿದ್ದಳು, ಅತ್ತೆ ಊಟದ ಟೇಬಲ್ಲಿನ ಮುಂದೆ ಕೂತು ಕಣಕ ನಾದುತ್ತಿದ್ದರು. ಆದ್ಯಾಳನ್ನು ಕರೆದು, ‘ಕೂಸೆ, ನಮ್ಮ ಡಬ್ಬಿ ಪಟ ತೋರ್ಸು. ಆ ಎರಡು ಸಲ ಊದಿದ್ ಹುಡ್ಗಿ ಏನು ಬರ್ದವ್ಳೆ ಅಂತ ನಿನ್ನ ನಾಗಮಣಿ ಅತ್ತೆಗೂ ಓದು’ ಎಂದರು.

ಆದ್ಯಾಳಿಗೆ ನಮ್ಮ ಗುಟ್ಟು ಗೊತ್ತಿರಲಿಲ್ಲ. ಫೋನ್ ನೋಡಿ, ‘ಬಟ್ ಅಜ್ಜಿ, ಇಟ್ಸ್ ಆರ್ಕೈವ್ಡ್. ದೇ ಟುಕ್ ಇಟ್ ಅವೇ. ಏಜಸ್ ಅಗೋ’ ಎಂದಳು.

‘ಏನಂತದೆ ಮಗು?’ ಎಂದು ಅತ್ತೆ ನನ್ನನ್ನು ಕೇಳಿದರು.

ನಾನು ಹೇಳಿದೆ. ಪರ್ಮಿಟ್ ಬಂದಿರಲಿಲ್ಲ ಎಂದೆ. ಭಾನುವಾರಗಳದ್ದನ್ನೂ ಹೇಳಿದೆ. ಅತ್ತೆ ಕೈಗಂಟಿದ ಹಿಟ್ಟನ್ನು ಒಂದೊಂದೇ ಬೆರಳಿನಿಂದ ತೆಗೆಯುತ್ತಾ ಕೇಳಿಸಿಕೊಂಡರು. ನಾನು ಆಫೀಸಿನವರನ್ನು ಬಯ್ಯಲು ಶುರುಮಾಡಿದಾಗ ಮಾತ್ರ ತಡೆದರು.

‘ಅವ್ರನ್ನ ಅನ್ಬೇಡ. ಅವ್ರು ಡ್ಯೂಟಿ ಮಾಡವ್ರೆ. ಸಕ್ರೆ ಹಾಕಿದ್ದು ನಾನು, ಸುಳ್ಳು ಹೇಳಿದ್ದು ನೀನು. ಇನ್ನೆಷ್ಟು ದಿನ ಅದೆ?’

ಹನ್ನೊಂದು ದಿನ ಉಳಿದಿತ್ತು.

‘ಕುಂತ್ಕೊ. ಬರಿ.’

ಲ್ಯಾಪ್‌ಟಾಪ್ ತೆಗೆದೆ. ಅವರು ಹೇಳತೊಡಗಿದರು. ಮಾವನ ಮುಂದೆ ನಿಂತು ಜನ ಹೇಳಿಕೆ ಕೊಡುತ್ತಿದ್ದುದನ್ನು ಬಾಗಿಲ ಸಂದಿಯಿಂದ ಕೇಳಿ ಕೇಳಿ ಅವರಿಗೆ ಅದರ ಧಾಟಿ ಬಾಯಿಪಾಠವಾಗಿತ್ತು. ಮಾದಯ್ಯನ ಹೆಂಡತಿಯಾದ ಪುಟ್ಟಮಾದಮ್ಮ ಎಂಬ ನಾನು ಬರೆದುಕೊಡುವ ಹೇಳಿಕೆ ಏನೆಂದರೆ, ಸದರಿ ಡಬ್ಬಿಯನ್ನು ಅಪ್ಪಣೆ ಇಲ್ಲದೆ ಇಟ್ಟವಳು ನಾನೇ.

ನನ್ನ ಬೆರಳು ನಿಂತಿತು. ‘ಅತ್ತೆ, ಅದು ನಿಜ ಅಲ್ಲ. ಇಟ್ಟಿದ್ದು ನಾನು. ಟಿಕ್ ಹಾಕಿದ್ದೂ ನಾನೇ.’

‘ನಿಮ್ಮ ಅರ್ಜಿ ನಡೀತಾ ಅದಲ್ವ? ಮಾದೇಶ ಹೇಳ್ದ. ನಾನು ಫೆಬ್ರವರಿಗೆ ಹೋಗೋಳು, ನಂಗೇನಾದದು. ನನ್ನ ಹೆಸ್ರೇ ಬರಿ.’

‘ನೀವು ಯಾವತ್ತೂ ಹೀಗೆ ಮಾಡಿದೋರಲ್ಲ.’

‘ಇಲ್ಲ. ಬರಿ.’

ಒಡಹುಟ್ಟಿದ ತಮ್ಮನ ಮೇಲಿನ ಕೇಸನ್ನೂ ಸರಿ ಎಂದಿದ್ದ ಹೆಂಗಸು ನನಗೋಸ್ಕರ ಸುಳ್ಳು ಹೇಳಿಕೆ ಕೊಡುತ್ತಿದ್ದರು. ನಾನು ಲ್ಯಾಪ್‌ಟಾಪ್ ಮುಚ್ಚಬೇಕಿತ್ತು. ಬೇಡ ಅತ್ತೆ, ನನ್ನ ಹೆಸರೇ ಇರಲಿ ಎನ್ನಬೇಕಿತ್ತು. ನಾನು ಬರೆದೆ. ಚೆನ್ನಾಗಿಯೇ ಬರೆದೆ, ಅದೇ ತಾನೆ ನನ್ನ ಕಸುಬು. ನಾಗಮಣಿ ಪ್ರಿಂಟ್ ತೆಗೆದಳು. ಅತ್ತೆ ಕೈ ತೊಳೆದು ಬಂದು, ಸೆರಗಿಗೆ ಒರೆಸಿಕೊಂಡು, ಕೆಳಗೆ ಕನ್ನಡದಲ್ಲಿ ಪುಟ್ಟಮಾದಮ್ಮ ಎಂದು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಹೋಳಿಗೆ ತಿಂದೆವು. ಅವತ್ತು ಅವರು ನನಗೆ ಒಂದು ಹೆಚ್ಚೇ ಬಡಿಸಿದರು.

ಎರಡು ವಾರಕ್ಕೆ ಸ್ಕೋಫೀಲ್ಡ್ಸ್ ವಿಳಾಸಕ್ಕೆ ಪಾರ್ಸೆಲ್ ಬಂತು. ವಿಷಲ್ ಇತ್ತು, ಪುಸ್ತಕ ಇತ್ತು, ಡಬ್ಬಿಯನ್ನು ಯಾರೋ ತೊಳೆದು ಕಳಿಸಿದ್ದರು. ಜೊತೆಗೆ ಒಂದು ಪುಟದ ಪತ್ರ. ಮಿಸೆಸ್ ಪುಟ್ಟಮಾದಮ್ಮ ಅವರಿಗೆ, ಮುಂದೆ ಲಿಖಿತ ಅನುಮತಿಯಿಲ್ಲದೆ ಅರಣ್ಯದಲ್ಲಿ ಯಾವುದೇ ವಸ್ತು ಇಡಬಾರದು ಎಂದು ಈ ಮೂಲಕ ತಿಳಿಸಲಾಗಿದೆ. ಅತ್ತೆ ಆ ಪತ್ರವನ್ನು ಮಡಿಸಿ, ಮಾವನ ಪೆನ್ಷನ್ ಕಾಗದಗಳ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡರು. ಫೆಬ್ರವರಿಯಲ್ಲಿ ನಮ್ಮ ಮನೆಯಿಂದಲೇ ಊರಿಗೆ ಹೋದರು. ವಿಷಲನ್ನು ಆ ಸ್ಟೀಲ್ ಡಬ್ಬಿಯಲ್ಲೇ ಹಾಕಿ ನನ್ನ ಕೈಗೆ ಕೊಟ್ಟು ಹೋದರು. ‘ಪರ್ಮಿಟ್ ಬಂದ್ರೆ ಮಡಗು’ ಎಂದರು.

ಹೋದ ವರ್ಷ ಮಾದೇಶ ಮತ್ತೆ ವೀಸಾ ಮಾಡಿಸುತ್ತೇನೆ ಎಂದ. ಅತ್ತೆ ಕಡ್ಡಿ ಮುರಿದಂತೆ ಬೇಡ ಎಂದರು. ಮಂಡಿ ನೋವು ಎಂದು ಅವನಿಗೆ ಹೇಳಿದರಂತೆ. ನಾಗಮಣಿಗೆ ಮಾತ್ರ ಬೇರೆ ಹೇಳಿದ್ದರು. ‘ಹೆಸ್ರು ಕೆಟ್ಟ ಜಾಗಕ್ಕೆ ಯಾವ ಮುಖ ಇಟ್ಕೊಂಡು ಬರ್ಲವ್ವ.’ ನಾಗಮಣಿ ಅದನ್ನು ನನಗೆ ಫೋನಿನಲ್ಲಿ ಹೇಳಿದಾಗ ನಾನು ಡಾಕ್‌ಲ್ಯಾಂಡ್ಸ್‌ನಲ್ಲಿ ಟ್ರಾಮಿಗೆ ಕಾಯುತ್ತಿದ್ದೆ. ಎರಡು ಟ್ರಾಮ್ ಬಂದು ಹೋದವು, ನಾನು ಹತ್ತಲಿಲ್ಲ.

ಆಗಲಾದರೂ ಬರೆದೆನೇ? ಇಲ್ಲ. ಸಿಟಿಜನ್‌ಶಿಪ್ ಬರಲಿ ಎಂದು ಕಾದೆ. ಈ ವರ್ಷ ಅದು ಬಂತು. ಕೌನ್ಸಿಲ್ ಹಾಲಿನಲ್ಲಿ ಪ್ರಮಾಣ ಮಾಡಿ, ಅವರು ಕೊಟ್ಟ ಪುಟ್ಟ ಗಿಡದ ಕುಂಡ ಹಿಡಿದು ಮನೆಗೆ ಬಂದ ಮೇಲೆ ಕಾಡಿನ ಆಫೀಸಿಗೆ ನಿಜವಾದ ಪತ್ರ ಬರೆದೆ. ಡಬ್ಬಿ ಇಟ್ಟವಳು ನಾನು, ಆ ಹಿರಿಯರಲ್ಲ, ದಯವಿಟ್ಟು ಅವರ ಹೆಸರನ್ನು ತೆಗೆದು ನನ್ನ ಹೆಸರು ಹಾಕಿ ಎಂದೆ. ಜೊತೆಗೆ ಹೊಸ ಅರ್ಜಿಯನ್ನೂ ಇಟ್ಟೆ. ಈ ಸಲ ಆಫೀಸಿನಿಂದ ಒಬ್ಬ ಹೆಂಗಸು ತಾನೇ ಫೋನ್ ಮಾಡಿದಳು. ಒಳ್ಳೆಯ ದನಿ. ಹುಡುಕಿ ನೋಡಿದೆ, ನಿಮ್ಮ ಹೆಸರಿನಲ್ಲಾಗಲಿ ಆ ಹಿರಿಯರ ಹೆಸರಿನಲ್ಲಾಗಲಿ ಇಲ್ಲಿ ಯಾವ ತಪ್ಪಿನ ದಾಖಲೆಯೂ ಇಲ್ಲ ಎಂದಳು.

‘ಎಚ್ಚರಿಕೆ ಪತ್ರ ಕಳಿಸಿದ್ರಲ್ಲ?’ ಎಂದು ಕೇಳಿದೆ.

‘ಓ, ದಟ್ ವಾಸ್ ಜಸ್ಟ್ ಎ ಕರ್ಟಸಿ ಲೆಟರ್, ಲವ್. ವಿ ಡೋಂಟ್ ಕೀಪ್ ದೋಸ್.’

ಬರೀ ಸೌಜನ್ಯಕ್ಕೆ ಕಳಿಸಿದ ಪತ್ರವಂತೆ, ಅದರ ಪ್ರತಿಯನ್ನೂ ಇಟ್ಟುಕೊಳ್ಳುವುದಿಲ್ಲವಂತೆ. ನಾನು ಯಾವುದಕ್ಕೆ ಹೆದರಿ ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆನೋ ಅದು ಅವರ ಬಳಿ ಇರಲೇ ಇಲ್ಲ. ನನ್ನ ಹೆಸರೇ ಬರೆದಿದ್ದರೂ ನನಗೆ ಏನೂ ಆಗುತ್ತಿರಲಿಲ್ಲ. ಫೋನ್ ಇಟ್ಟ ಮೇಲೆ ಆಫೀಸನ್ನು ಬಯ್ಯೋಣ ಎಂದು ನೋಡಿದೆ. ಬಾಯಿಗೆ ಬೈಗುಳ ಬರಲಿಲ್ಲ. ಹತ್ತೇ ದಿನಕ್ಕೆ ಪರ್ಮಿಟ್ ಬಂತು, ಎರಡು ಪುಟ, ನನ್ನ ಹೆಸರಿನಲ್ಲಿ.

ಅದನ್ನು ಹಿಡಿದುಕೊಂಡೇ ಹೋದ ತಿಂಗಳು ಕಾಡಿಗೆ ಹೋದದ್ದು. ಮರ ಹಾಗೆಯೇ ಇತ್ತು, ಪೊಟರೆ ಇತ್ತು. ಪೊಟರೆಯ ಮುಂದೆ ನಿಂತು ಅತ್ತೆಗೆ ಫೋನ್ ಮಾಡಿದೆ. ಅಲ್ಲಿ ಆಗಷ್ಟೇ ಬೆಳಗಾಗಿತ್ತು, ಕಾಫಿ ಲೋಟ ಕೆಳಗಿಟ್ಟ ಸದ್ದು ಕೇಳಿತು.

‘ಪರ್ಮಿಟ್ ಬಂತು ಅತ್ತೆ.’

‘ನಿಜವಾ?’

ಆ ಒಂದು ಪದವನ್ನು ನಾನು ಸಂಪಾದಿಸಿಕೊಂಡಿದ್ದೆ. ಕ್ಯಾಮೆರಾ ತಿರುಗಿಸಿ ಕಾಗದ ತೋರಿಸಿದೆ. ಓದು ಎಂದರು. ಒಂದೊಂದೇ ಷರತ್ತನ್ನು ಕನ್ನಡದಲ್ಲಿ ಹೇಳಿದೆ. ತಿನ್ನುವ ಪದಾರ್ಥ ಇಡಕೂಡದು ಎಂಬಲ್ಲಿ ‘ಸರಿಯಾಗೇ ಅದೆ’ ಎಂದರು. ಓದಿ ಮುಗಿಸಿ ವಿಷಲನ್ನು ಡಬ್ಬಿಯಲ್ಲಿ ಹಾಕಿ, ಪೊಟರೆಯಲ್ಲಿಟ್ಟು ತೊಗಟೆ ಮುಚ್ಚಿದೆ. ಆಮೇಲೆ ಹೇಳಿದೆ.

‘ಅತ್ತೆ, ನಾನು ಅವ್ರಿಗೆ ನಿಜ ಬರೆದೆ. ಅವ್ರ ಹತ್ರ ನಿಮ್ಮ ಹೆಸ್ರೇ ಇಲ್ಲ. ಎಲ್ಲೂ ಇಲ್ಲ. ನೀವು ಇನ್ನು ಬರ್ಬೋದು.’

ಮಳೆ ಕಾಗದದ ಮೇಲೆ ಬೀಳುತ್ತಿತ್ತು.

‘ಅವ್ರ ಪುಸ್ತಕದಲ್ಲಿ ಇಲ್ದಿದ್ರೆ ಏನಾಯ್ತವ್ವ’ ಎಂದರು. ‘ನಾನು ಸುಳ್ಳಿಗೆ ರುಜು ಹಾಕಿದ್ದು ನಂಗೆ ಗೊತ್ತದಲ್ಲ.’

ನೆನೆದ ಕಾಗದವನ್ನು ಮಡಿಸಿ ಜೇಬಿಗಿಟ್ಟೆ. ಊಟ ಆಯ್ತಾ ಎಂದು ಕೇಳಿದರು. ಇಲ್ಲ ಎಂದೆ. ‘ನೆನೀಬೇಡ. ಮನೆಗೆ ಹೋಗಿ ಉಣ್ಣು’ ಎಂದು ಫೋನ್ ಇಟ್ಟರು.